ವಾಯ್ನಿಚ್ ಹಸ್ತಪ್ರತಿ: ಬರೀ ಅಕ್ಷರದ ನಡೆ ನೋಡಿ ಎಷ್ಟು ದೂರ ಹೋಗಬಹುದು?

ಕಾಳಿದಂಡೆ (ಕಾರವಾರ)

ಶಾಸನ, ಓಲೆಗರಿ, ಹಳೆ ಲಿಪಿ ಅಂದರೆ ಕಿವಿ ನೆಟ್ಟಗಾಗುವವರು ಇಲ್ಲಿ ಬಹಳ ಜನ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ. ವಾಯ್ನಿಚ್ ಹಸ್ತಪ್ರತಿಯನ್ನು ಯಾರಾದರೂ ಕೂತು ನೋಡಿದ್ದೀರಾ? ಚಿತ್ರಗಳನ್ನಲ್ಲ, ಅಕ್ಷರಗಳನ್ನು.

ಗೊತ್ತಿಲ್ಲದವರಿಗೆ ಎರಡು ಮಾತು. ಕರುವಿನ ತೊಗಲಿನ ಹಾಳೆಗಳ ಮೇಲೆ ಬರೆದ ಪುಸ್ತಕ ಇದು. ಸುಮಾರು 240 ಪುಟ. ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿದೆ, ಅಲ್ಲಿ ಇದರ ಸಂಖ್ಯೆ 408. ಹಳೆ ಪುಸ್ತಕದ ವ್ಯಾಪಾರಿ ವಿಲ್ಫ್ರಿಡ್ ವಾಯ್ನಿಚ್ 1912ರಲ್ಲಿ ಇಟಲಿಯ ಜೆಸುಯಿಟ್ ಪಾದ್ರಿಗಳಿಂದ ಕೊಂಡುಕೊಂಡ. ಹೆಸರು ಅವನದ್ದು, ಬರೆದವರು ಯಾರೆಂದು ಗೊತ್ತಿಲ್ಲ. ತೊಗಲಿನ ಇಂಗಾಲ ಪರೀಕ್ಷೆ ಮಾಡಿದಾಗ 1404ರಿಂದ 1438ರ ನಡುವಿನದು ಅಂತ ಬಂತು. ಒಳಗೆ ಯಾವ ಗಿಡಕ್ಕೂ ಸರಿಯಾಗಿ ಹೊಂದದ ಗಿಡಗಳು, ರಾಶಿಚಕ್ರ, ಹಸಿರು ನೀರಿನಲ್ಲಿ ಮೀಯುವ ಹೆಂಗಸರು, ಭರಣಿಯ ಪಕ್ಕ ಬೇರು ಎಲೆಗಳು. ಬರಹ ಮಾತ್ರ ಬೇರೆಲ್ಲೂ ಕಾಣದ ಲಿಪಿಯಲ್ಲಿದೆ.

ಎಲ್ಲರೂ ಚಿತ್ರ ನೋಡಿ ಅರ್ಥ ಊಹಿಸಲು ಹೊರಡುತ್ತಾರೆ. ನನಗೆ ಅದು ತಲೆಕೆಳಗಾದ ದಾರಿ ಅನ್ನಿಸುತ್ತದೆ. ಅರ್ಥ ಆಮೇಲೆ. ಮೊದಲು ಯಾವ ಅಕ್ಷರ ಯಾವುದರ ಪಕ್ಕ ಕೂರುತ್ತದೆ, ಯಾವುದು ಪದದ ಮೊದಲಿಗೆ ಬರುತ್ತದೆ, ಯಾವುದು ಕೊನೆಗೆ ಅಂತ ಎಣಿಸಬೇಕು. ಆ ಎಣಿಕೆ ಸುಳ್ಳು ಹೇಳುವುದಿಲ್ಲ.

ಎಣಿಸಲು ಅನುಕೂಲ ಆಗಲಿ ಅಂತ ಸಂಶೋಧಕರು ಪ್ರತಿ ಆಕಾರಕ್ಕೂ ಒಂದೊಂದು ರೋಮನ್ ಅಕ್ಷರ ಕೊಟ್ಟಿದ್ದಾರೆ. ಅದನ್ನು ಇವಿಎ ಅನ್ನುತ್ತಾರೆ. ಅದು ಉಚ್ಚಾರ ಅಲ್ಲ, ಬರೀ ಗುರುತು. ಆ ಗುರುತಿನಲ್ಲಿ ಓದಿದರೆ ಪುಟಗಳು ಹೀಗೆ ಕೇಳಿಸುತ್ತವೆ: ದಾಯಿನ್, ಚೋಲ್, ಚೆಡಿ, ಶೆಡಿ, ಕೊಕೀಡಿ, ಕೊಕೆಡಿ. ಅತಿ ಹೆಚ್ಚು ಸಲ ಬರುವ ಪದ ದಾಯಿನ್. ಕ್ಯೂ ಅಂತ ಕರೆಯುವ ಆಕಾರದ ಮುಂದೆ ಹೆಚ್ಚುಕಡಿಮೆ ಯಾವಾಗಲೂ ಓ ಬರುತ್ತದೆ. ಒಂದೇ ಪದ ಬೆನ್ನುಬೆನ್ನಿಗೆ ಎರಡು ಸಲ ಬರುವುದು ಸಾಮಾನ್ಯ. ತೀರಾ ಉದ್ದದ ಪದ ಇಲ್ಲವೇ ಇಲ್ಲ ಅನ್ನಬಹುದು. ಒಟ್ಟು 35,000ಕ್ಕೂ ಹೆಚ್ಚು ಪದಗಳಿವೆ.

ಇಷ್ಟು ಸಾಮಗ್ರಿ ಇದ್ದೂ ಇವತ್ತಿನವರೆಗೆ ಒಂದು ಸಾಲನ್ನೂ ಎಲ್ಲರೂ ಒಪ್ಪುವ ಹಾಗೆ ಯಾರೂ ಓದಿಲ್ಲ. ಏಕೆ?

ಗೋಕರ್ಣದವ

ಸರ್, ಫೋಟೋ ನೋಡಿದ ಕೂಡಲೇ ನನಗೆ ನಮ್ಮ ಮನೆಯ ಅಟ್ಟದ ಮೇಲಿನ ತಿಗಳಾರಿ ಲಿಪಿಯ ಓಲೆಗರಿಗಳ ನೆನಪಾಯ್ತು. ಅದೇ ಗುಂಡು ಗುಂಡು ಅಕ್ಷರ, ಅದೇ ಕೊಕ್ಕೆಗಳು. ಗಿಡಮೂಲಿಕೆ ಚಿತ್ರ ಬೇರೆ. ಪೋರ್ಚುಗೀಸರು ಗೋವೆಗೆ ಬಂದವರು ನಮ್ಮ ಕಡೆಯ ವೈದ್ಯದ ಪುಸ್ತಕವನ್ನು ಯುರೋಪಿಗೆ ಒಯ್ದಿರಬಹುದು ಅಲ್ವಾ? ಯಾರೂ ಈ ದಿಕ್ಕಿನಲ್ಲಿ ಹುಡುಕಿದ ಹಾಗೆ ಕಾಣಲಿಲ್ಲ.

ಓಲೆಗರಿ (ಸಿರ್ಸಿ)

ತಮಾ, ಹಾಗೆ ಅನ್ನಿಸುವುದು ಸಹಜ. ಆದರೆ ಹೊಂದುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಇದರಲ್ಲೇ ಒಂದು ಪಾಠ ಇದೆ.

ಮೊದಲು ಕಾಲ. ವಾಸ್ಕೋ ಡ ಗಾಮ ಕೇರಳಕ್ಕೆ ಬಂದದ್ದು 1498ರಲ್ಲಿ. ತೊಗಲು ಅದಕ್ಕಿಂತ ಅರವತ್ತು ವರ್ಷಕ್ಕೂ ಹಳೆಯದು. ಎರಡನೆಯದು ತೊಗಲೇ. ನಮ್ಮ ಹವ್ಯಕ ಮನೆಗಳಲ್ಲಿ, ಮಠಗಳಲ್ಲಿ ತಿಗಳಾರಿ ಬರೆದವರು ಕರುವಿನ ಚರ್ಮದ ಮೇಲೆ ವೇದ ಮಂತ್ರ ಬರೆಯುತ್ತಿದ್ದರು ಅಂದರೆ ಯಾರು ನಂಬುತ್ತಾರೆ? ಓಲೆಯ ಮೇಲೆ ಕಂಟದಿಂದ ಕೊರೆದು, ಮಸಿ ಒರೆಸಿ ತೆಗೆಯುತ್ತಿದ್ದರು. ಇಲ್ಲಿ ಹಕ್ಕಿಯ ಗರಿಯ ಲೇಖನಿ, ಶಾಯಿ.

ಮೂರನೆಯದೇ ಮುಖ್ಯ. ಆಕಾರಗಳನ್ನು ಎಣಿಸು. ತಿಗಳಾರಿಯಲ್ಲಿ ವ್ಯಂಜನ, ಅದಕ್ಕೆ ಸ್ವರದ ಚಿಹ್ನೆ, ಮೇಲೆ ಸಂಯುಕ್ತಾಕ್ಷರ. ಸಂಸ್ಕೃತ ಬರೆಯುವ ಲಿಪಿ ಆದ್ದರಿಂದ ಒತ್ತಿನ ಮೇಲೆ ಒತ್ತು. ಕಣ್ಣಿಗೆ ಬೀಳುವ ಬೇರೆ ಬೇರೆ ಆಕಾರ ನೂರಾರು. ವಾಯ್ನಿಚ್ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಆಕಾರ ಇಪ್ಪತ್ತರಿಂದ ಮೂವತ್ತರ ಒಳಗೆ. ಲಿಪಿ ಓದಲು ಬಾರದಿದ್ದರೂ ಈ ಒಂದು ಎಣಿಕೆ ಬಹಳ ಹೇಳುತ್ತದೆ. ಇಪ್ಪತ್ತು ಮೂವತ್ತು ಇದ್ದರೆ ರೋಮನ್, ಗ್ರೀಕ್, ಹೀಬ್ರೂ ರೀತಿಯದು. ಎಂಬತ್ತು ತೊಂಬತ್ತು ಇದ್ದರೆ ಒಂದೊಂದು ಗುರುತಿಗೆ ಒಂದೊಂದು ಕಾಗುಣಿತಾಕ್ಷರ.

ಚಿತ್ರದಲ್ಲೂ ಯುರೋಪಿನ ಗುರುತಿದೆ. ಒಂದು ಮಡಿಸಿದ ಹಾಳೆಯಲ್ಲಿ ಕೋಟೆಯ ಗೋಡೆಯ ತುದಿ ಹಕ್ಕಿಬಾಲದಂತೆ ಸೀಳಿದೆ. ಅದು ಉತ್ತರ ಇಟಲಿಯ ಕಡೆ ಕಾಣುವ ಕಟ್ಟಡದ ರೀತಿ. ರಾಶಿಗಳ ಪಕ್ಕ ಬೇರೆ ಯಾರೋ ತಿಂಗಳ ಹೆಸರನ್ನು ರೋಮನ್ ಅಕ್ಷರದಲ್ಲಿ ಬರೆದಿದ್ದಾರೆ.

ನಿಮ್ಮ ಅಟ್ಟದ ಓಲೆಗಳನ್ನು ಮಾತ್ರ ದಯವಿಟ್ಟು ಕೆಳಗಿಳಿಸು. ಮಳೆಗಾಲದ ಥಂಡಿಯಲ್ಲಿ ಅವು ಉಳಿಯುವುದಿಲ್ಲ. ತಿಗಳಾರಿಗೆ 2024ರಲ್ಲಿ ಯೂನಿಕೋಡ್ ಕೂಡ ಸಿಕ್ಕಿದೆ. ಓದುವವರು ಕಡಿಮೆ ಆಗುತ್ತಿದ್ದಾರೆ, ಆದರೆ ಇದ್ದೇವೆ.

ಮೀನುಪೇಟೆ (ಕಾರವಾರ)

ಒಂದು ಸೇರಿಸುತ್ತೇನೆ. ಲಿಪಿ ಬೇರೆ, ಭಾಷೆ ಬೇರೆ. ಕಾರವಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಕೊಂಕಣಿಯನ್ನು ನಾವು ಕನ್ನಡ ಲಿಪಿಯಲ್ಲೂ ಬರೆಯುತ್ತೇವೆ, ನಾಗರಿಯಲ್ಲೂ ಬರೆಯುತ್ತೇವೆ. ಗಡಿ ದಾಟಿದರೆ ರೋಮಿ. ಕೇರಳದಲ್ಲಿ ಮಲಯಾಳಂ ಲಿಪಿ. ಲಿಪಿ ಬದಲಾದರೂ ಕೊಂಕಣಿಯ ನಡೆ ಬದಲಾಗುವುದಿಲ್ಲ. ಯಾವ ಪದ ಜಾಸ್ತಿ ಬರುತ್ತದೋ ಅದು ಎಲ್ಲ ಲಿಪಿಯಲ್ಲೂ ಜಾಸ್ತಿಯೇ. ಹಾಗಾಗಿ ಇದು ಹೊಸ ಲಿಪಿಯಲ್ಲಿ ಬರೆದ ಲ್ಯಾಟಿನ್ ಅಥವಾ ಜರ್ಮನ್ ಆಗಿದ್ದರೆ ಎಣಿಕೆಯಲ್ಲಿ ಸಿಕ್ಕಿಬೀಳಬೇಕಿತ್ತು, ಹೌದಲ್ವಾ?

ಅಂಕೋಲೆ ಹುಡುಗಿ

ಹೌದು ಅಣ್ಣ, ಅದೇ ಮೂಲ ಮಾತು. ಅಕ್ಷರಕ್ಕೆ ಅಕ್ಷರ ಬದಲಿಸುವ ಗುಪ್ತಲಿಪಿಯನ್ನು ಎಣಿಕೆಯಿಂದ ಒಡೆಯಬಹುದು ಅಂತ ಬಾಗ್ದಾದಿನ ಅಲ್ ಕಿಂದಿ 9ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿಯೇ ನೋಡೋಣ. ಇಗೋ ಒಂದು ಕನ್ನಡದ ಮಾತು. ಕಾಗುಣಿತ ಬಿಡಿಸಿ ವ್ಯಂಜನಕ್ಕೊಂದು, ಸ್ವರಕ್ಕೊಂದು ಅಂಕಿ ಕೊಟ್ಟಿದ್ದೇನೆ. ಅಂಕಿಗಳನ್ನು ಮನಸ್ಸಿಗೆ ಬಂದ ಹಾಗೆ ಆರಿಸಿದ್ದು, ಕ್ರಮ ಏನೂ ಇಲ್ಲ.

7-3 / 7-9-4-1-8-2-6-1-8-9 / 5-2-11-10 / 12-13-4-1-8-14

ಉತ್ತರ ಹೇಳುವವರು ಹೇಗೆ ಬಿಡಿಸಿದಿರಿ ಅಂತಲೂ ಬರೆಯಬೇಕು.

ಕುಮಟೆ ಮಾಸ್ತರು

ಬಿಡಿಸಿದೆ. ದಾರಿ ಹೇಳುತ್ತೇನೆ.

ಎರಡನೇ ಪದ ಉದ್ದ ಇದೆ, ಅದನ್ನೇ ಹಿಡಿದೆ. 7-9-4-1-8-2-6-1-8-9. ಕನ್ನಡದಲ್ಲಿ ವ್ಯಂಜನ, ಸ್ವರ, ವ್ಯಂಜನ, ಸ್ವರ ಅಂತ ನಡೆಯುವುದು ಹೆಚ್ಚು. ಹಾಗೆ ಹಿಡಿದರೆ 7, 4, 8, 6 ವ್ಯಂಜನ. 9, 1, 2 ಸ್ವರ. ಉಳಿದ ಪದಗಳಲ್ಲೂ ಇದು ಕೆಡುವುದಿಲ್ಲ. ಎಲ್ಲ ಪದವೂ ಸ್ವರದಲ್ಲೇ ಮುಗಿಯುತ್ತದೆ. ಕನ್ನಡ ಅಂದ ಮೇಲೆ ಅದು ಹಾಗೇ ಇರಬೇಕು.

ಈಗ ಅದೇ ಪದದ ಬಾಲ ನೋಡಿ: 2-6-1-8-9. ಸ್ವರ, ವ್ಯಂಜನ, ಸ್ವರ, ವ್ಯಂಜನ, ಸ್ವರ. ಉದ್ದದ ಪದದ ಕೊನೆಗೆ ಇಂಥ ಬಾಲ ಅಂದರೆ ನನಗೆ ಮೊದಲು ಹೊಳೆದದ್ದು ‘ಆದರೆ’. ಇಟ್ಟು ನೋಡಿದೆ. 2 ಅಂದರೆ ಆ, 6 ದ್, 1 ಅ, 8 ರ್, 9 ಎ. ಆಗ ಆ ಪದದಲ್ಲಿ ಉಳಿದದ್ದು 7 ಮತ್ತು 4 ಮಾತ್ರ, ಎರಡೂ ವ್ಯಂಜನ. ‘?ೆ?ರಾದರೆ’. ಕೊನೆಯ ಪದದಲ್ಲೂ 4-1-8 ಹಾಗೇ ಇದೆ, ಆಮೇಲೆ ಇನ್ನೊಂದು ಸ್ವರ. ಕೆಸರಾದರೆ, ಮೊಸರು! ‘ಕೈ ಕೆಸರಾದರೆ ಬಾಯಿ ಮೊಸರು’. ಮೊದಲೆರಡು ಪದ ಒಂದೇ ಅಂಕಿಯಿಂದ ಶುರುವಾಗುವುದೂ ಸರಿಹೋಯಿತು.

ತಂಗಿ, ಇದನ್ನು ಎಂಟನೇ ತರಗತಿಗೆ ಕೊಡುತ್ತೇನೆ. ಪ್ರತ್ಯಯ ಕಲಿಸಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಅಂಕೋಲೆ ಹುಡುಗಿ

ಮಾಸ್ತರೇ, ನೀವು ಹಿಡಿದದ್ದು ಪದದ ಬಾಲವನ್ನು. ಗ್ರೀಸಿನ ಲೀನಿಯರ್ ಬಿ ಲಿಪಿ ಒಡೆದದ್ದೂ ಈ ದಾರಿಯಲ್ಲೇ. ಅಲೀಸ್ ಕೋಬರ್ ಅನ್ನುವವರು ಒಂದೇ ಪದ ಮೂರು ರೂಪದಲ್ಲಿ ಬರುವುದನ್ನು ಗುರುತಿಸಿದರು. ನಮ್ಮ ಮನೆ, ಮನೆಯ, ಮನೆಗೆ ಇದ್ದಂತೆ. ಪದ ಓದಲು ಬರದಿದ್ದರೂ ಮೂಲ ಯಾವುದು, ಪ್ರತ್ಯಯ ಯಾವುದು ಅಂತ ಬೇರೆ ಮಾಡಬಹುದು. ಆ ತಳಪಾಯದ ಮೇಲೆ 1952ರಲ್ಲಿ ಮೈಕೆಲ್ ವೆಂಟ್ರಿಸ್ ಲಿಪಿಯನ್ನೇ ಓದಿದ.

ಈಗ ವಾಯ್ನಿಚ್‌ಗೆ ಬನ್ನಿ. ನಾಲ್ಕು ಪದದ ಗಾದೆಯನ್ನು ಮಾಸ್ತರು ಬಿಡಿಸಿದರು. ಅಲ್ಲಿ 35,000ಕ್ಕೂ ಹೆಚ್ಚು ಪದಗಳಿವೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಗುಪ್ತಸಂದೇಶ ಒಡೆದ ತಂಡದ ಮುಖ್ಯಸ್ಥ ವಿಲಿಯಂ ಫ್ರೀಡ್‌ಮನ್ ಇದರ ಮೇಲೆ ವರ್ಷಗಟ್ಟಲೆ ಕೂತ. ಬರಲಿಲ್ಲ. ಅಂದರೆ ಅಕ್ಷರಕ್ಕೆ ಅಕ್ಷರ ಬದಲಿಸಿದ ಯುರೋಪಿನ ಭಾಷೆ ಇದಲ್ಲ. ಇಷ್ಟು ಖಚಿತವಾಗಿ ಹೇಳಬಹುದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಅಳತೆ ಇದೆ. ಒಂದು ಅಕ್ಷರ ತೋರಿಸಿ, ಮುಂದಿನದು ಯಾವುದು ಅಂತ ಕೇಳಿದರೆ ಎಷ್ಟು ಸುಲಭವಾಗಿ ಹೇಳಬಹುದು? ಇದನ್ನು ಎಂಟ್ರೊಪಿ ಅನ್ನುತ್ತಾರೆ, ಬಿಟ್‌ಗಳಲ್ಲಿ ಅಳೆಯುತ್ತಾರೆ. ಅಂಕಿ ಕಡಿಮೆ ಇದ್ದಷ್ಟೂ ಊಹೆ ಸುಲಭ. ಲ್ಯಾಟಿನ್, ಇಂಗ್ಲಿಷ್‌ಗಳಲ್ಲಿ ಅದು 3ಕ್ಕಿಂತ ಜಾಸ್ತಿ ಬರುತ್ತದೆ. ವಾಯ್ನಿಚ್‌ನಲ್ಲಿ ಸುಮಾರು 2. ಯೇಲ್‌ನ ಭೌತಶಾಸ್ತ್ರಜ್ಞ ವಿಲಿಯಂ ಬೆನೆಟ್ 1976ರಲ್ಲೇ ಇದನ್ನು ಗಮನಿಸಿದ್ದ. ಇಷ್ಟು ಕಡಿಮೆ ಎಂಟ್ರೊಪಿ ಯುರೋಪಿನ ಭಾಷೆಗಳಲ್ಲಿ ಸಿಗುವುದಿಲ್ಲ. ಅಕ್ಷರ ಬದಲಿಸಿದರೆ ಈ ಅಂಕಿ ಬದಲಾಗುವುದೂ ಇಲ್ಲ. ನನ್ನ ಮಟ್ಟಿಗೆ ಇಡೀ ಒಗಟಿನ ಗಂಟು ಇಲ್ಲೇ ಇದೆ.

ಘಟ್ಟದ ಮೇಲೆ (ಸಿದ್ದಾಪುರ)

ಹಾಗಾದರೆ ಅರ್ಥವೇ ಇಲ್ಲ ಅಂತ ಒಪ್ಪಿಕೊಳ್ಳಬಾರದೇಕೆ? ಈ ಪುಸ್ತಕವನ್ನು ಪವಿತ್ರ ರೋಮನ್ ಚಕ್ರವರ್ತಿ ಎರಡನೇ ರುಡಾಲ್ಫ್ 600 ಡುಕಾಟ್ ಕೊಟ್ಟು ಕೊಂಡ ಅಂತ 1665ರ ಒಂದು ಪತ್ರದಲ್ಲಿದೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತದ ಚಿನ್ನ. ಅಷ್ಟು ದುಡ್ಡು ಸಿಗುವುದಾದರೆ ಯಾರಾದರೂ ಸುಮ್ನೆ ಗೀಚಿ ಪುಸ್ತಕ ಮಾಡಿರಬಹುದು. ಗಾರ್ಡನ್ ರಗ್ ಅನ್ನುವವರು 2004ರಲ್ಲಿ ಮಾಡಿಯೇ ತೋರಿಸಿದರು. ಪದದ ತುಂಡುಗಳ ಒಂದು ಪಟ್ಟಿ, ಅದರ ಮೇಲೆ ಕಿಂಡಿ ಕೊರೆದ ರಟ್ಟು. ರಟ್ಟು ಸರಿಸುತ್ತಾ ಹೋದರೆ ಇಂಥದೇ ಪದಗಳು ಬರುತ್ತವೆ.

ಕಾಳಿದಂಡೆ (ಕಾರವಾರ)

ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಅರ್ಥವಿಲ್ಲ ಅನ್ನುವ ಪಕ್ಷ ಈಗ ಬಹಳ ಗಟ್ಟಿಯಾಗಿದೆ. ಆದರೆ ಕಿಂಡಿಯ ರಟ್ಟಿನ ಉಪಾಯ ಇಟಲಿಯ ಕಾರ್ಡಾನೊ ಹೆಸರಿನದ್ದು, 1550ರದ್ದು. ಹಸ್ತಪ್ರತಿ ಅದಕ್ಕಿಂತ ನೂರು ವರ್ಷ ಮುಂಚಿನದು. ರುಡಾಲ್ಫನಿಗೆ ಮಾರಲು 1400ರ ಆಸುಪಾಸಿನಲ್ಲಿ ಯಾರೂ ಬರೆದಿರಲಾರರು. ಅವನು ಆಗ ಹುಟ್ಟಿಯೇ ಇರಲಿಲ್ಲ.

ನನಗೆ ಹೆಚ್ಚು ಬಲವಾಗಿ ಕಾಣುವುದು ಟಿಮ್ ಮತ್ತು ಶಿನ್ನರ್ ಅನ್ನುವ ಸಂಶೋಧಕರು ಹೇಳುವ ದಾರಿ. ಬರೆಯುವವನು ಮೇಲಿನ ಸಾಲಿನ ಪದವನ್ನು ನೋಡಿ, ಒಂದು ಅಕ್ಷರ ಬದಲಿಸಿ ಕೆಳಗೆ ಬರೆಯುತ್ತಾ ಹೋದ. ಚೆಡಿ ಶೆಡಿ ಆಯಿತು, ಕೊಕೆಡಿ ಕೊಕೀಡಿ ಆಯಿತು. ಪುಟದ ಮೇಲೆ ಕಣ್ಣಾಡಿಸಿದರೆ ಹೌದು, ಒಂದರ ಪಕ್ಕ ಒಂದು ದಾಯಾದಿ ಪದಗಳೇ ಕಾಣುತ್ತವೆ. ಮಾಸ್ತರು ಹಿಡಿದ ಪ್ರತ್ಯಯದ ದಾರಿ ಇಲ್ಲಿ ಕೈಕೊಡುವುದು ಅದಕ್ಕೇ. ಕನ್ನಡದಲ್ಲಿ ‘ಮನೆಗೆ’ಯ ಬಾಲ ಕತ್ತರಿಸಿದರೆ ಮನೆ ಗಟ್ಟಿಯಾಗಿ ಉಳಿಯುತ್ತದೆ. ಅಲ್ಲಿ ಯಾವ ತುದಿ ಕತ್ತರಿಸಿದರೂ ಇನ್ನೊಂದು ಪದವೇ ಸಿಗುತ್ತದೆ. ಮೂಲ ಯಾವುದು ಅಂತ ನಿಲ್ಲುವುದೇ ಇಲ್ಲ.

ಆದರೂ ಬರೀ ಗೀಚಿದ್ದು ಅನ್ನಲು ನನಗೆ ಮನಸ್ಸು ಬಾರದಿರಲು ಕಾರಣ ಇದೆ. ಪ್ರೆಸ್ಕಾಟ್ ಕರಿಯರ್ ಅನ್ನುವ ಅಮೆರಿಕದ ನೌಕಾಪಡೆಯ ಗುಪ್ತಲಿಪಿ ತಜ್ಞ 1976ರಲ್ಲಿ ತೋರಿಸಿದ್ದು ಇದು: ಪುಸ್ತಕದಲ್ಲಿ ಎರಡು ಬಗೆಯ ಬರಹ ಇದೆ. ಒಂದನ್ನು ಎ ಅಂದ, ಇನ್ನೊಂದನ್ನು ಬಿ. ಬಿ ಪುಟಗಳಲ್ಲಿ ‘ಎಡಿ’ ಅಂತ ಮುಗಿಯುವ ಪದಗಳ ರಾಶಿ, ಎ ಪುಟಗಳಲ್ಲಿ ಅವು ಅಪರೂಪ. ಕೈಬರಹವೂ ಬೇರೆ. 2020ರಲ್ಲಿ ಹಸ್ತಪ್ರತಿ ತಜ್ಞೆ ಲೀಸಾ ಫೇಗಿನ್ ಡೇವಿಸ್ ಅಕ್ಷರ ಬರೆದ ರೀತಿ ನೋಡಿ ಐದು ಜನ ಬರೆದಿದ್ದಾರೆ ಅಂದರು. ಐದು ಜನ ಒಟ್ಟಿಗೆ ಕೂತು, ದುಬಾರಿ ತೊಗಲಿನ ಮೇಲೆ, ಒಂದೇ ಕಟ್ಟುಪಾಡಿನಲ್ಲಿ ಅರ್ಥವಿಲ್ಲದ್ದನ್ನು ಬರೆದರು ಅಂದರೆ ಯಾಕಾಗಿ ಅಂತ ಕೇಳಬೇಕಾಗುತ್ತದೆ. 2013ರಲ್ಲಿ ಮಾಂಟೆಮುರೊ ಮತ್ತು ಜನೆಟ್ ಅನ್ನುವ ಸಂಶೋಧಕರು ಕೂಡ ಲೆಕ್ಕ ಹಾಕಿ, ಪದಗಳು ವಿಷಯಕ್ಕೆ ತಕ್ಕಂತೆ ಭಾಗ ಭಾಗವಾಗಿ ಗುಂಪುಗೂಡಿವೆ ಅಂದಿದ್ದಾರೆ.

ಎಂಟ್ರೊಪಿ ಕಡಿಮೆ ಆಗಲು ಇನ್ನೊಂದು ದಾರಿಯೂ ಇದೆ. ಚಿಕ್ಕವರಿದ್ದಾಗ ದೊಡ್ಡವರಿಗೆ ತಿಳಿಯಬಾರದು ಅಂತ ‘ಕ ಭಾಷೆ’ ಆಡುತ್ತಿದ್ದೆವಲ್ಲ, ಹಾಗೆ. ‘ನಾನು ಬರಲ್ಲ’ ಅನ್ನಲು ‘ಕನಾಕನು ಕಬಕರಕಲ್ಲ’. ಅಕ್ಷರ ದುಪ್ಪಟ್ಟಾಯಿತು, ಹೊಸ ವಿಷಯ ಏನೂ ಸೇರಲಿಲ್ಲ. ಅರ್ಧ ಜಾಗದಲ್ಲಿ ಬರುವುದು ಕ ಅಂತ ಮೊದಲೇ ಗೊತ್ತು, ಆದ್ದರಿಂದ ಊಹೆ ಸುಲಭ, ಎಂಟ್ರೊಪಿ ದಬಕ್ಕನೆ ಇಳಿಯುತ್ತದೆ. ಒಳಗೆ ಅರ್ಥ ಮಾತ್ರ ಪೂರ್ತಿ ಇದೆ. ಒಂದು ಅಕ್ಷರದ ಬದಲು ಎರಡು ಮೂರು ಗುರುತುಗಳನ್ನು ಒಟ್ಟಿಗೆ ಬರೆಯುವ ಗುಪ್ತಲಿಪಿಯೂ ಇದೇ ಕೆಲಸ ಮಾಡುತ್ತದೆ.

ಘಟ್ಟದ ಮೇಲೆ (ಸಿದ್ದಾಪುರ)

ಕ ಭಾಷೆಯ ಮಾತು ಸರಿ. ಆದರೆ ಸಾಲಿನ ವಿಷಯಕ್ಕೆ ಏನು ಹೇಳುತ್ತೀರಿ? ಎಮ್ ಅಂತ ಗುರುತಿಸುವ ಅಕ್ಷರ ಹೆಚ್ಚಾಗಿ ಸಾಲಿನ ಕೊನೆಗೇ ಬರುತ್ತದೆ. ಪಿ, ಎಫ್ ಅನ್ನುವ ಎತ್ತರದ ಅಕ್ಷರಗಳು ಹೆಚ್ಚಾಗಿ ಪ್ಯಾರಾದ ಮೊದಲ ಸಾಲಿನಲ್ಲೇ. ಭಾಷೆಗೆ ಹಾಳೆಯ ಅಂಚು ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಬರೆಯುವ ಕೈಗೆ ಮಾತ್ರ ಗೊತ್ತು.

ಓಲೆಗರಿ (ಸಿರ್ಸಿ)

ಒಳ್ಳೆ ಪ್ರಶ್ನೆ. ಪದದೊಳಗಿನ ಕಟ್ಟುಪಾಡು ನಮಗೆ ಹೊಸದಲ್ಲ. ಕನ್ನಡ ಬರಹದಲ್ಲಿ ಅ, ಆ, ಇ ಅನ್ನುವ ಬಿಡಿ ಸ್ವರಗಳು ಪದದ ಮೊದಲಿಗೇ ಬರುತ್ತವೆ, ನಡುವೆ ಬಂದರೆ ಕಾಗುಣಿತವಾಗಿ ಬೇರೆ ವೇಷ ಹಾಕುತ್ತವೆ. ಸೊನ್ನೆ ಪದದ ಮೊದಲಿಗೆ ಬರುವುದೇ ಇಲ್ಲ. ಣ, ಳ ದಿಂದ ಶುರುವಾಗುವ ಕನ್ನಡ ಪದ ಹುಡುಕಿದರೆ ಸಿಗದು. ಆದ್ದರಿಂದ ‘ಈ ಅಕ್ಷರ ಇಲ್ಲೇ ಬರುತ್ತದೆ’ ಅನ್ನುವುದು ಅರ್ಥವಿಲ್ಲದ ಬರಹದ ಗುರುತಲ್ಲ. ಆದರೆ ಸಾಲಿನ ಕೊನೆಗೆ ಅಂಟಿಕೊಳ್ಳುವ ಅಕ್ಷರ ನಮ್ಮಲ್ಲಿಲ್ಲ. ಅದು ಅಲಂಕಾರ ಇರಬಹುದು, ಪದ ತುಂಡರಿಸಿದ ಗುರುತು ಇರಬಹುದು, ಜಾಗ ತುಂಬಲು ಹಾಕಿದ್ದೂ ಇರಬಹುದು.

ನನಗೆ ಕಾಡುವುದು ಬೇರೆ ಎರಡು. ಒಂದು, ಪದಗಳ ನಡುವಿನ ಜಾಗ. ನಮ್ಮ ಓಲೆಗರಿಗಳಲ್ಲಿ ಪದ ಬಿಡಿಸಿ ಬರೆಯುವ ಪದ್ಧತಿ ಇಲ್ಲ. ಅಕ್ಷರಗಳು ಸಾಲಾಗಿ ಓಡುತ್ತವೆ, ಪದ ಒಡೆಯುವುದು ಓದುವವನ ಕೆಲಸ. ಒಡೆದದ್ದು ತಪ್ಪಿದರೆ ಶ್ಲೋಕದ ಅರ್ಥವೇ ಬೇರೆ. ವಾಯ್ನಿಚ್‌ನಲ್ಲಿ ಜಾಗ ಕಾಣುತ್ತದೆ ನಿಜ. ಆದರೆ ಅದು ಪದದ ಗಡಿಯೇ ಅಂತ ಎಲ್ಲರೂ ಹಿಡಿದು ಹೊರಟಿದ್ದಾರೆ. ಕಣ್ಣಿಗೆ ಗೊಂದಲ ಮಾಡಲೆಂದೇ ಬಿಟ್ಟ ಜಾಗ ಇರಬಹುದಲ್ಲ.

ಎರಡು, ತಿದ್ದುಪಡಿ. ಲಿಪಿಕಾರ ಎಷ್ಟೇ ಪಳಗಿದವನಾದರೂ ತಪ್ಪುತ್ತಾನೆ. ಸಾಲು ಬಿಡುತ್ತಾನೆ, ಅಂಚಿನಲ್ಲಿ ಸೇರಿಸುತ್ತಾನೆ, ಅಕ್ಷರ ಹೊಡೆದುಹಾಕುತ್ತಾನೆ. ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’ ಅಂತ ಕೊನೆಗೆ ಬರೆದುಕೊಳ್ಳುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಬರೆದೆ, ನನ್ನ ಮೇಲೆ ದೋಷ ಹೊರಿಸಬೇಡಿ ಅಂತ. ಈ ಪುಸ್ತಕದಲ್ಲಿ ತಿದ್ದಿದ ಜಾಗ ತೀರಾ ಕಡಿಮೆ. ಗುಪ್ತಲಿಪಿಯಲ್ಲಿ ಬರೆಯುವವನು ಇನ್ನೂ ಜಾಸ್ತಿ ತಪ್ಪಬೇಕು. ಹಾಗಾಗಿ ಬೇರೆ ಕರಡಿನಿಂದ ಚೊಕ್ಕಟವಾಗಿ ನಕಲು ಮಾಡಿದ್ದೋ, ಇಲ್ಲವೇ ತಪ್ಪೇ ಆಗದಂಥ ಬರಹವೋ. ಎರಡರಲ್ಲಿ ಯಾವುದು ಅಂತ ಹೇಳಲು ನನ್ನಿಂದ ಆಗದು.

ಗೋಕರ್ಣದವ

ನಮ್ಮಲ್ಲೂ ಗೂಢಲಿಪಿ ಗ್ರಂಥ ಇದೆಯಲ್ಲ, ಕುಮುದೇಂದು ಮುನಿಯ ಸಿರಿಭೂವಲಯ. ಅದನ್ನು ಬಿಡಿಸಿದ ರೀತಿಯಲ್ಲೇ ಇದನ್ನೂ ಬಿಡಿಸಬಹುದೇ?

ಅಂಕೋಲೆ ಹುಡುಗಿ

ಅದು ಒಳ್ಳೆ ಹೋಲಿಕೆ, ಆದರೆ ಎದುರು ದಿಕ್ಕಿನದು. ಸಿರಿಭೂವಲಯ ಇರುವುದು ಅಂಕಿಗಳಲ್ಲಿ. ಉದ್ದ 27, ಅಡ್ಡ 27 ಮನೆಗಳ ಚಕ್ರ, ಅಂದರೆ ಒಂದು ಚಕ್ರಕ್ಕೆ 729 ಅಂಕಿ. ಪ್ರತಿ ಅಂಕಿ 1ರಿಂದ 64ರ ಒಳಗೆ, ಪ್ರತಿ ಅಂಕಿಗೂ ಒಂದು ಅಕ್ಷರ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು ಅನ್ನುವ ಬಂಧ ಗೊತ್ತಾದರೆ ಪದ್ಯ ಸಿಗುತ್ತದೆ. ಆ ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಆದರೆ ಅಂಕಿಗೆ ಯಾವ ಅಕ್ಷರ ಅಂತ ಗೊತ್ತು, ಒಳಗಿನ ಭಾಷೆ ಗೊತ್ತು, ಛಂದಸ್ಸು ಗೊತ್ತು. ಓದಿದ್ದು ಸರಿಯೇ ಅಂತ ಪ್ರಾಸವೇ ಹೇಳುತ್ತದೆ. ವಾಯ್ನಿಚ್‌ನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಕುಮಟೆ ಮಾಸ್ತರು

ಪೇಪರಿನಲ್ಲಿ ಆಗಾಗ ‘ವಾಯ್ನಿಚ್ ರಹಸ್ಯ ಬಯಲು’ ಅಂತ ಬರುತ್ತದಲ್ಲ. ಅವೆಲ್ಲ ಏನಾದವು?

ಕಾಳಿದಂಡೆ (ಕಾರವಾರ)

ಒಂದೊಂದೂ ಬಿದ್ದುಹೋಯಿತು. ಹೇಗೆ ಬಿದ್ದವು ಅನ್ನುವುದನ್ನು ನೋಡಬೇಕು.

1921ರಲ್ಲಿ ವಿಲಿಯಂ ನ್ಯೂಬೋಲ್ಡ್ ಅನ್ನುವ ಪ್ರೊಫೆಸರು, ಇದು 13ನೇ ಶತಮಾನದ ಇಂಗ್ಲೆಂಡಿನ ಪಂಡಿತ ರೋಜರ್ ಬೇಕನ್ ಬರೆದದ್ದು, ಪ್ರತಿ ಅಕ್ಷರದೊಳಗೆ ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಗೀರುಗಳಿವೆ, ಅವೇ ನಿಜವಾದ ಬರಹ ಅಂದ. 1931ರಲ್ಲಿ ಜಾನ್ ಮ್ಯಾನ್ಲಿ ಅದನ್ನು ಪರೀಕ್ಷಿಸಿದ. ಆ ಗೀರುಗಳು ಶಾಯಿ ಒಣಗಿ ಬಿರಿದ ಬಿರುಕುಗಳು. ಅಷ್ಟೇ ಅಲ್ಲ, ನ್ಯೂಬೋಲ್ಡ್‌ನ ವಿಧಾನದಲ್ಲಿ ಸಿಕ್ಕ ಅಕ್ಷರಗಳನ್ನು ಹಿಂದುಮುಂದು ಮಾಡಿ ಜೋಡಿಸಬಹುದಿತ್ತು. ಹಾಗೆ ಬಿಟ್ಟರೆ ಯಾವ ಪುಟದಿಂದಲೂ ಯಾವ ವಾಕ್ಯವನ್ನು ಬೇಕಾದರೂ ತೆಗೆಯಬಹುದು.

2016ರಲ್ಲಿ ಕೆನಡಾದ ಹಾವರ್ ಮತ್ತು ಕೊಂಡ್ರಾಕ್ ಕಂಪ್ಯೂಟರಿನಲ್ಲಿ ಅನೇಕ ಭಾಷೆಗಳ ನಡೆಯ ಜೊತೆ ಹೋಲಿಸಿದರು. ಹೀಬ್ರೂ ಹತ್ತಿರ ಬಂತು. ಆದರೆ ಅಲ್ಲೂ ಪದದೊಳಗಿನ ಅಕ್ಷರಗಳನ್ನು ಅದಲುಬದಲು ಮಾಡಲು ಅವಕಾಶ ಕೊಟ್ಟಿದ್ದರು. ಹೀಬ್ರೂ ಬಲ್ಲವರು ಒಪ್ಪಲಿಲ್ಲ. 2019ರಲ್ಲಿ ಬ್ರಿಸ್ಟಲ್‌ನ ಜೆರಾರ್ಡ್ ಚೆಷೈರ್, ಇದು ಲ್ಯಾಟಿನ್‌ನಿಂದ ಹುಟ್ಟಿದ ಹಳೆಯ ರೊಮಾನ್ಸ್ ಭಾಷೆ ಅಂದ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯಿತು. ಭಾಷಾತಜ್ಞರು ಪ್ರಶ್ನೆ ಎತ್ತಿದ ಮೇಲೆ ವಿಶ್ವವಿದ್ಯಾಲಯವೇ ಆ ಸುದ್ದಿಯಿಂದ ದೂರ ಸರಿಯಿತು.

ನನ್ನ ಮಟ್ಟಿಗೆ ಅಳತೆ ಒಂದೇ. ನೀವು ಓದುವ ನಿಯಮವನ್ನು ಬರೆದು ನನಗೆ ಕೊಡಿ. ನೀವು ನೋಡದ ಒಂದು ಪುಟವನ್ನು ನಾನು ಅದೇ ನಿಯಮದಿಂದ ಓದುತ್ತೇನೆ. ನೀವೂ ಬೇರೆ ಕೂತು ಓದಿ. ಇಬ್ಬರಿಗೂ ಒಂದೇ ವಾಕ್ಯ ಬಂದರೆ, ಆ ವಾಕ್ಯಕ್ಕೆ ವ್ಯಾಕರಣ ಇದ್ದರೆ, ಆಗ ಮಾತಾಡೋಣ. ಮಾಸ್ತರು ಗಾದೆ ಬಿಡಿಸಿದ್ದನ್ನು ಯಾರು ಬೇಕಾದರೂ ಹೀಗೆ ಪರೀಕ್ಷಿಸಬಹುದು. 4-1-8 ಎರಡೂ ಕಡೆ ‘ಸರ್’ ಆಗಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ.

ಓಲೆಗರಿ (ಸಿರ್ಸಿ)

ಶಾಸನ ಓದುವಾಗಲೂ ಹೀಗೇ. ಬನವಾಸಿ ಪಕ್ಕದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಂಬ ಇದೆ. ಇವತ್ತಿನ ಕನ್ನಡ ಮಾತ್ರ ಬಲ್ಲವನಿಗೆ ಒಂದು ಅಕ್ಷರವೂ ಹತ್ತುವುದಿಲ್ಲ. ಆದರೆ ಬ್ರಾಹ್ಮಿಯಿಂದ ಕದಂಬ ಲಿಪಿ, ಅಲ್ಲಿಂದ ಹಳಗನ್ನಡ ಲಿಪಿ ಅಂತ ಮೆಟ್ಟಿಲು ಇದೆ. ಒಬ್ಬ ವಿದ್ವಾಂಸ ಓದಿದ್ದನ್ನು ಇನ್ನೊಬ್ಬ ಅದೇ ಮೆಟ್ಟಿಲಿಳಿದು ನೋಡಬಹುದು. ವಾಯ್ನಿಚ್ ಲಿಪಿಗೆ ಅಪ್ಪ ಅಮ್ಮ ಸಿಕ್ಕಿಲ್ಲ.

ಮೀನುಪೇಟೆ (ಕಾರವಾರ)

ಎಣಿಕೆಯ ಬಗ್ಗೆ ಒಂದು ಅನುಮಾನ. ಯಾವುದು ಒಂದು ಅಕ್ಷರ ಅಂತ ತೀರ್ಮಾನ ಮಾಡಿದವರು ಯಾರು? ದಾಯಿನ್ ಪದದ ಕೊನೆಯಲ್ಲಿ ಇವಿಎ ಮೂರು ಗುರುತು ಹಾಕುತ್ತದೆ, ಎರಡು ಸಣ್ಣ ಗೀರು, ಆಮೇಲೆ ಬಾಲದ ಗೀರು. ಅದು ಮೂರು ಅಕ್ಷರವೋ, ಒಂದೇ ಅಕ್ಷರವೋ?

ಅಂಕೋಲೆ ಹುಡುಗಿ

ಅಣ್ಣ, ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕನ್ನಡ ಬಾರದವನೊಬ್ಬ ನಮ್ಮ ಪುಸ್ತಕ ಎಣಿಸಲು ಕೂತ ಅಂದುಕೊಳ್ಳಿ. ತಲಕಟ್ಟನ್ನೇ ಒಂದು ಅಕ್ಷರ ಅಂತ ಹಿಡಿದರೆ? ಕೋ ಅನ್ನುವುದನ್ನು ನಾಲ್ಕು ತುಂಡು ಮಾಡಿದರೆ? ಅವನ ಲೆಕ್ಕದಲ್ಲಿ ತಲಕಟ್ಟು ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತದೆ. ದೀರ್ಘದ ಗುರುತು ಕೆಲವು ತುಂಡುಗಳ ಪಕ್ಕ ಮಾತ್ರ ಬರುತ್ತದೆ. ಎಂಟ್ರೊಪಿ ಇಳಿದುಬಿಡುತ್ತದೆ. ಕನ್ನಡ ಅರ್ಥವಿಲ್ಲದ ಗೀಚು ಅಂತ ಅವನು ತೀರ್ಪು ಕೊಟ್ಟರೂ ಆಶ್ಚರ್ಯ ಇಲ್ಲ.

ವಾಯ್ನಿಚ್‌ನಲ್ಲಿ ಚ್, ಐನ್ ಇಂಥ ಜೋಡಿಗಳನ್ನು ಒಂದೇ ಅಕ್ಷರ ಅಂತ ಹಿಡಿದು ಎಣಿಸಿದರೆ ಅಂಕಿ ಸ್ವಲ್ಪ ಮೇಲೇರುತ್ತದೆ. ಆದರೂ ಲ್ಯಾಟಿನ್‌ನ ಮಟ್ಟ ಮುಟ್ಟುವುದು ಕಷ್ಟ. ಅದಕ್ಕೇ ಯಾರಾದರೂ ಎಂಟ್ರೊಪಿಯ ಅಂಕಿ ಹೇಳಿದರೆ, ಯಾವ ಲಿಪ್ಯಂತರದಲ್ಲಿ ಎಣಿಸಿದಿರಿ ಅಂತ ಮೊದಲು ಕೇಳಬೇಕು.

ಘಟ್ಟದ ಮೇಲೆ (ಸಿದ್ದಾಪುರ)

ಹಾಗಾದರೆ ಆಸೆ ಇದೆ ಅನ್ನುತ್ತೀರಾ?

ಅಂಕೋಲೆ ಹುಡುಗಿ

ಇದೆ. ಕೊಪಿಯಾಲೆ ಅನ್ನುವ ಜರ್ಮನಿಯ ಗುಪ್ತ ಪುಸ್ತಕ ನೋಡಿ. 105 ಪುಟ, ಸುಮಾರು 75,000 ಗುರುತುಗಳು. ರೋಮನ್ ಅಕ್ಷರ, ಗ್ರೀಕ್ ಅಕ್ಷರ, ಏನೇನೋ ಚಿತ್ರ. 2011ರಲ್ಲಿ ಕೆವಿನ್ ನೈಟ್ ಮತ್ತು ಇಬ್ಬರು ಸ್ವೀಡನ್ನಿನ ಭಾಷಾತಜ್ಞರು ಒಡೆದರು. ಸುಳಿವು ಸಿಕ್ಕಿದ್ದು ಎಣಿಕೆಯಿಂದಲೇ. ಕಣ್ಣಿಗೆ ಚೆನ್ನಾಗಿ ಕಾಣುವ ರೋಮನ್ ಅಕ್ಷರಗಳೆಲ್ಲ ದಾರಿ ತಪ್ಪಿಸಲು ಹಾಕಿದ್ದು, ಅವು ಬರೀ ಪದಗಳ ನಡುವಿನ ಜಾಗ. ಒಳಗಿದ್ದದ್ದು ಕಣ್ಣಿನ ವೈದ್ಯದ ಹೆಸರಿಟ್ಟುಕೊಂಡ ಒಂದು ಗುಪ್ತ ಸಂಘದ ದೀಕ್ಷೆಯ ವಿಧಿ. ಓಲೆಗರಿ ಮಾವ ಜಾಗದ ಬಗ್ಗೆ ಹೇಳಿದ್ದು ನೆನಪಿದೆಯಲ್ಲ? ಅದೇ ಅಲ್ಲಿ ಕೀಲಿಯಾಯಿತು.

ನಿಮ್ಮ ಪಕ್ಷಕ್ಕೂ ಬಲ ಇದೆ. ಯೇಲ್‌ನ ಕ್ಲೇರ್ ಬೋವರ್ನ್ ಮತ್ತು ಡೇನಿಯಲ್ ಗ್ಯಾಸ್ಕೆಲ್ 2022ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರನ್ನು ಕೂರಿಸಿ, ಅರ್ಥವಿಲ್ಲದ ಬರಹ ಬರೆಯಿರಿ ಅಂದರು. ಜನ ಬರೆದದ್ದು ಪೂರ್ತಿ ಅಡ್ಡಾದಿಡ್ಡಿ ಇರಲಿಲ್ಲ. ಪದಗಳು ಮರುಕಳಿಸಿದವು, ಪಕ್ಕದ ಪದದ ಹಾಗೆ ಪದ ಬಂತು. ಎಣಿಕೆಯಲ್ಲಿ ವಾಯ್ನಿಚ್‌ಗೆ ಹತ್ತಿರ ಬಂತು.

ನನಗೊಂದು ಆಸೆ. ಅವರು ಅದನ್ನು ಮಾಡಿದ್ದು ಅಮೆರಿಕದಲ್ಲಿ. ಕನ್ನಡ ಮಾತಾಡುವವರು ಅರ್ಥವಿಲ್ಲದ್ದನ್ನು ಬರೆದರೆ ಹೇಗಿರುತ್ತದೆ? ನಮ್ಮ ಕೈ ತಾನಾಗಿ ಸ್ವರದಲ್ಲಿ ಪದ ಮುಗಿಸುತ್ತದೆಯೇ? ಇದನ್ನು ನಾವೇ ಮಾಡಬಹುದು. ಮಾಸ್ತರೇ, ನಿಮ್ಮ ಮಕ್ಕಳಿಂದ ಆಗುತ್ತದೆಯೇ?

ಕುಮಟೆ ಮಾಸ್ತರು

ಖಂಡಿತ. ಮಕ್ಕಳಿಗೆ ಒಂದು ಪುಟ ಬರೆಯಿರಿ, ಯಾವ ಪದಕ್ಕೂ ಅರ್ಥ ಇರಬಾರದು ಅಂದರೆ ಖುಷಿಯಿಂದ ಬರೆಯುತ್ತಾರೆ. ಕೊಂಕಣಿ ಮನೆಮಾತಿನವರು, ಹವ್ಯಕರು, ನವಾಯತರ ಮಕ್ಕಳು, ಹಾಲಕ್ಕಿ ಮಕ್ಕಳು ಎಲ್ಲ ನಮ್ಮ ತರಗತಿಯಲ್ಲಿದ್ದಾರೆ. ಮನೆಮಾತು ಬೇರೆ ಆದರೆ ಗೀಚುವ ರೀತಿಯೂ ಬೇರೆ ಆಗುತ್ತದೆಯೇ ಅಂತ ನೋಡುವ ಕುತೂಹಲ ನನಗೆ. ಹೆಸರು ಹಾಕಿಸುವುದಿಲ್ಲ, ಮನೆಮಾತು ಮಾತ್ರ ಬರೆಸುತ್ತೇನೆ.

ಓಲೆಗರಿ (ಸಿರ್ಸಿ)

ಮಾಸ್ತರೇ, ಪಕ್ಕದವರದ್ದು ನೋಡಿ ಬರೆಯದ ಹಾಗೆ ದೂರ ದೂರ ಕೂರಿಸಿ. ಪುಟ ತುಂಬಿದ ಮೇಲೆ ಎರಡನೇ ಪುಟವನ್ನೂ ಬರೆಸಿ. ಮೊದಲ ಪುಟದಲ್ಲಿ ಹುರುಪು ಇರುತ್ತದೆ. ಬೇಸರ ಬಂದ ಮೇಲೆ ಕೈ ಏನು ಮಾಡುತ್ತದೆ ಅನ್ನುವುದೇ ನಮಗೆ ಬೇಕಾದ್ದು.

ಕಾಳಿದಂಡೆ (ಕಾರವಾರ)

ಒಳ್ಳೆಯದಾಯಿತು. ನಾನು ಮೂರು ಬಗೆಯ ಕಡತ ತಯಾರಿಸುತ್ತೇನೆ: ಮಕ್ಕಳ ಪುಟಗಳು, ವಚನಗಳನ್ನು ಕ ಭಾಷೆಗೆ ತಿರುಗಿಸಿದ ಪುಟಗಳು, ವಾಯ್ನಿಚ್‌ನ ಬಿ ಬಗೆಯ ಪುಟಗಳು. ಎಲ್ಲವನ್ನೂ ಅಂಕಿಗಳಿಗೆ ಬದಲಿಸಿ, ಯಾವುದು ಯಾವುದು ಅಂತ ಹೇಳದೆ ಹಾಕುತ್ತೇನೆ. ಎಣಿಕೆ ಮಾತ್ರ ನೋಡಿ ಬೇರೆ ಮಾಡಲು ಆಗುತ್ತದೆಯೇ ಅಂತ ನೋಡೋಣ. ಸಾಲಿನ ಕೊನೆ ಎಲ್ಲಿ ಬರುತ್ತದೆ ಅನ್ನುವುದನ್ನೂ ಹಾಗೇ ಉಳಿಸುತ್ತೇನೆ, ಸಿದ್ದಾಪುರದವರ ಪ್ರಶ್ನೆ ಇನ್ನೂ ಬಾಕಿ ಇದೆ.

ಅಷ್ಟರಲ್ಲಿ ಮೂಲ ಪುಟ ನೋಡಬೇಕು ಅನ್ನುವವರು ಬೈನೆಕಿ ಗ್ರಂಥಾಲಯದ ತಾಣಕ್ಕೆ ಹೋಗಿ. ಎಲ್ಲ ಪುಟಗಳ ಒಳ್ಳೆ ಚಿತ್ರಗಳನ್ನು ದುಡ್ಡು ಕೇಳದೆ ಇಟ್ಟಿದ್ದಾರೆ. ಹೆಂಗಸರು ಮೀಯುವ ಚಿತ್ರದ ಪುಟಗಳಿಂದ ಶುರು ಮಾಡಿ. ಕೊಕೀಡಿ, ಕೊಕೆಡಿ ಒಂದರ ಹಿಂದೆ ಒಂದು ಬರುವುದು ಅಲ್ಲೇ ಜಾಸ್ತಿ.